ಏಳನೇ ನಂಬರಿನ ಹೆಂಗಸು

"ಲೇ ಅಲ್ಬೀನಾ, ಆ ಕರಿಯನ್ನ ಯಾಕೆ ಮುಂದಿನ ಸಾಲಲ್ಲಿ ನಿಲ್ಲಿಸಿದೀಯ? ಫೋಟೋದಲ್ಲಿ ಹಲ್ಲು ಬಿಟ್ರೆ ಬೇರೇನೂ ಕಾಣಲ್ಲ ಅವನ್ದು. ಹಿಂದಕ್ಕೆ ತಳ್ಳು. ಮೊದ್ಲು ಮೂಗು ಒರೆಸು, ಥೂ."

ಮುಖ್ಯೋಪಾಧ್ಯಾಯಿನಿ ಹರ್ಚಾರೊವಾ ಬಾಗಿಲಿನಿಂದಲೇ ಇಷ್ಟು ಹೇಳಿ ಮುಖದ ಮುಂದೆ ಕೈ ಬೀಸಿಕೊಂಡಳು. ನೆಲಕ್ಕೆ ಮಂಡಿಯೂರಿ ಒಂದು ಮಗುವಿನ ಅಂಗಿಗೆ ಗುಂಡಿ ಹಾಕುತ್ತಿದ್ದ ಅಲ್ಬೀನಾ ಎದ್ದು, ಆ ಹುಡುಗನ ಹೆಗಲು ಹಿಡಿದು ಹಿಂದಿನ ಸಾಲಿಗೆ ನಡೆಸಿದಳು. ಅವನು ಅವಳ ಸ್ವಂತ ತಮ್ಮನ ಮಗ.

"ಯಾಕತ್ತೆ?" ಎಂದು ಕೇಳಿದ.

"ನೀನು ಎತ್ರ ಅಲ್ವೇನಪ್ಪ, ಅದ್ಕೆ," ಅಂದಳು. ಆ ಸಾಲಿನಲ್ಲೆಲ್ಲ ಅವನೇ ಗಿಡ್ಡ.

ಶಾಲೆಯ ಬೀರುವಿನಲ್ಲಿ ಹದಿನಾರು ಬಿಳಿ ಅಂಗಿಗಳಿದ್ದವು. ಯಾರಾದರೂ ದೊಡ್ಡವರು ನೋಡಲು ಬರುತ್ತಾರೆ ಎಂದಾಗ ಅವು ಹೊರಬೀಳುತ್ತಿದ್ದವು. ಯಾರ್ಕೊವ್ಚೆ ಊರಿಗೆ ಕಾಗದದ ಮೇಲೆ ಒಂದೇ ಶಾಲೆ. ಕಣ್ಣಿಗೆ ಕಾಣುವುದು ಎರಡು. ಇಗರ್ಜಿಯ ಪಕ್ಕದ ಹಳದಿ ಕಟ್ಟಡ ಮೇಲಿನ ಶಾಲೆ, ಅಲ್ಲಿ ಬಿಳಿಯರ ಮಕ್ಕಳು. ಹಳ್ಳದ ಆಚೆ, ಊರವರು ಜಿಪ್ಸಿಗಳೆನ್ನುವ ರೋಮಾ ಜನರ ಕೇರಿ ಶುರುವಾಗುವಲ್ಲಿ, ಲಾರಿಯಲ್ಲಿ ತಂದಿಳಿಸಿದ ನಾಲ್ಕು ತಗಡಿನ ಕೋಣೆಗಳು ಕೆಳಗಿನ ಶಾಲೆ. ಅಲ್ಲಿ ಅರುವತ್ತು ಮಕ್ಕಳು. ಅತಿಥಿಗಳು ಬರುವ ದಿನ ಆ ಅರುವತ್ತರಲ್ಲಿ ಆದಷ್ಟು ಬೆಳ್ಳಗಿರುವ ಹದಿನಾರನ್ನು ಆರಿಸಿ, ತಲೆಯಲ್ಲಿ ಹೇನಿದೆಯೇ ನೋಡಿ, ಅಂಗಿ ತೊಡಿಸಿ ಮೇಲಿನ ಶಾಲೆಯ ಬೆಂಚುಗಳಲ್ಲಿ ಬಿಳಿಯರ ಮಕ್ಕಳ ನಡುವೆ ಕೂರಿಸಬೇಕು. ಅತಿಥಿಗಳ ಕಾರು ಸೇತುವೆ ದಾಟಿದ ಮೇಲೆ ಅಂಗಿ ಬಿಚ್ಚಿಸಿ, ಒಗೆದು, ಇಸ್ತ್ರಿ ಮಾಡಿ ಇಡಬೇಕು. ಸಹಾಯಕಿ ಅಂತ ಅಲ್ಬೀನಾಳಿಗೆ ಕೊಟ್ಟ ಕೆಲಸದಲ್ಲಿ ಇದೂ ಸೇರಿತ್ತು. ಮೂವತ್ತು ದಾಟಿದ ಮೇಲೆ ಕೋರ್ಸು ಮಾಡಿ, ಪರೀಕ್ಷೆ ಪಾಸಾಗಿ ಗಿಟ್ಟಿಸಿದ ಕೆಲಸ. ಕೇರಿಯಲ್ಲಿ ಬೇರೆ ಯಾರಿಗೂ ಅಂಥದ್ದು ಸಿಕ್ಕಿರಲಿಲ್ಲ.

ಅವಳು ಬಾಯಿ ಮುಚ್ಚಿಕೊಂಡಿದ್ದಕ್ಕೆ ಒಂದು ಕಾರಣವಿತ್ತು. ಅದರ ಹೆಸರು ಸಿಡ್ಕಾ. ಅವಳ ಮಗಳು, ಒಂಬತ್ತು ವರ್ಷ. ಕೇರಿಯಿಂದ ಅಂಗಿ ಬದಲಿಸದೆ, ಸ್ವಂತ ಅಂಗಿಯಲ್ಲೇ, ದಿನಾ ಮೇಲಿನ ಶಾಲೆಗೆ ಹೋಗುತ್ತಿದ್ದ ಒಂದೇ ಒಂದು ಮಗು. ಅದು ಹರ್ಚಾರೊವಾ ಮಾಡಿದ್ದ ಉಪಕಾರ. ಹಾಗಂತ ಅವಳೇ ತಿಂಗಳಿಗೊಂದು ಸಲ ನೆನಪಿಸುತ್ತಿದ್ದಳು.

ಆ ದಿನ ಬಂದಾಕೆ ನಗರದ ವಿಶ್ವವಿದ್ಯಾಲಯದ ಡಾಕ್ಟರ್ ಯೂಡಿತಾ ಲೆಶ್ಕೊವಾ. ಶಾಲೆಗಳನ್ನು ನಡೆಸುವವರಿಗೆ ನಾಯಕತ್ವದ ಪಾಠ ಹೇಳುವಾಕೆ. ಹಳ್ಳಿ ಶಾಲೆಗಳಲ್ಲಿ ಸಮಾನತೆ ಎಂಬುದರ ಮೇಲೆ ಇಪ್ಪತ್ತು ವರ್ಷ ಕೆಲಸ ಮಾಡಿದ್ದಳು. ಈಗ ಬರೆಯುತ್ತಿದ್ದ ಪುಸ್ತಕಕ್ಕೆ ಮಾದರಿ ಮುಖ್ಯೋಪಾಧ್ಯಾಯರನ್ನು ಹುಡುಕುತ್ತಿದ್ದಳು. ಹರ್ಚಾರೊವಾ ಅವಳನ್ನು ಕೋಣೆಯಿಂದ ಕೋಣೆಗೆ ಸುತ್ತಾಡಿಸಿದಳು. ಫೋಟೋ ತೆಗೆದದ್ದಾಯಿತು, ಕೇಕು ತಿಂದದ್ದಾಯಿತು.

ಹೊರಡುವಾಗ ಓಣಿಯಲ್ಲಿ ಯೂಡಿತಾ ನಿಂತಳು. ಅಲ್ಲಿ ಗೋಡೆಯುದ್ದಕ್ಕೂ ಕೋಟು ತೂಗುಹಾಕುವ ಗೂಟಗಳು. ಪ್ರತಿ ಗೂಟದ ಮೇಲೆ ಒಂದೊಂದು ಚಿತ್ರ: ಚೆರಿ ಹಣ್ಣು, ಬಾತುಕೋಳಿ, ಛತ್ರಿ, ರೈಲು. ಓದಲು ಬಾರದ ಮಗುವಿಗೂ ತನ್ನ ಗೂಟ ಗೊತ್ತಾಗಲಿ ಅಂತ. ಹೊರಗಿನ ಬೂಟು ಗೂಟದ ಕೆಳಗೆ ಬಿಟ್ಟು ಮೆತ್ತನೆಯ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಬೇಕು. ಆ ದೇಶದ ಯಾವ ಶಾಲೆಯಲ್ಲೂ ಅದೇ ಪದ್ಧತಿ. ಯೂಡಿತಾ ಬಗ್ಗಿ, ಬಿಳಿ ಅಂಗಿ ತೊಟ್ಟಿದ್ದ ಒಂದು ಪುಟ್ಟ ಹುಡುಗಿಯನ್ನು ಕೇಳಿದಳು:

"ನಿನ್ನ ಗೂಟ ಯಾವುದು ಪುಟ್ಟಿ? ನಿನ್ನ ಚಿತ್ರ ಯಾವುದು ತೋರಿಸು ನೋಡೋಣ."

ಮಗು ಗೋಡೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿತು. ಆಮೇಲೆ ತನ್ನ ಕಾಲು ನೋಡಿಕೊಂಡಿತು. ಕಾಲಲ್ಲಿ ಬರೀ ಕಾಲುಚೀಲ, ಹೆಬ್ಬೆರಳ ಹತ್ತಿರ ತೂತು. ಅಂಗಿಯ ನೆನಪಿತ್ತು ಹರ್ಚಾರೊವಾಳಿಗೆ. ಹದಿನಾರು ಜೊತೆ ಚಪ್ಪಲಿಯ ನೆನಪಿರಲಿಲ್ಲ.

ಯೂಡಿತಾ ತಲೆಯೆತ್ತಿ ಅಲ್ಬೀನಾಳ ಕಡೆ ನೋಡಿದಳು. ಅಲ್ಬೀನಾ ನೆಲ ನೋಡಿದಳು.

ಮಾರನೇ ದಿನ ಮಧ್ಯಾಹ್ನ ಯೂಡಿತಾ ಕೇರಿಗೆ ಬಂದಳು. ಒಬ್ಬಳೇ, ನಡೆದುಕೊಂಡು, ಬೂಟಿನ ತುಂಬ ಕೆಸರು ಮಾಡಿಕೊಂಡು. ಊರಿನ ಬಿಳಿಯರು ಸೇತುವೆ ದಾಟುವುದಿಲ್ಲ. ಪೋಸ್ಟಿನವನು ಕೂಡ ಆಚೆ ದಡದಲ್ಲೇ ನಿಂತು ಕೂಗುತ್ತಾನೆ. ನಾಯಿಗಳಿಗೂ ಇವಳನ್ನು ಕಂಡು ಬೊಗಳಬೇಕೋ ಬೇಡವೋ ತಿಳಿಯಲಿಲ್ಲ.

ಅಲ್ಬೀನಾಳ ಅತ್ತೆ ಇಲೋನಾ ಒಲೆಯ ಮೇಲೆ ಮಾರಿಕ್ಲಾ ರೊಟ್ಟಿ ಸುಡುತ್ತಿದ್ದಳು. ಯೂಡಿತಾ ಕೂತಳು. ರೊಟ್ಟಿ ಮುರಿದು ತಿಂದಳು. ಬಾಯಾರಿಕೆ ಅಂದಳು. ಅಲ್ಬೀನಾ ಒಂದು ಕ್ಷಣ ತಡೆದು, ಲೋಟವನ್ನು ಮೂರು ಸಲ ತೊಳೆದು ನೀರು ಕೊಟ್ಟಳು. ಯೂಡಿತಾ ಲೋಟ ಕಚ್ಚಿಯೇ ಕುಡಿದಳು, ಕುಡಿದು ಇನ್ನೂ ಸ್ವಲ್ಪ ಬೇಕು ಅಂದಳು. ಶಾಲೆಯಲ್ಲಿ ಅಲ್ಬೀನಾ ಮುಟ್ಟಿದ ಕಾಫಿ ಲೋಟವನ್ನು ಬೇರೆಯೇ ಇಡುತ್ತಿದ್ದರು, ಆರು ವರ್ಷದಿಂದ.

"ಅಲ್ಬೀನಾ ಅವರೇ, ನೀವು ಹೇಳಬೇಕು ಅಂತ ಬಲವಂತ ಇಲ್ಲ," ಎಂದಳು ಯೂಡಿತಾ. "ಹೇಳಿದ್ರೆ ನಿಮ್ಮ ಹೆಸರು ಎಲ್ಲೂ ಬರಲ್ಲ. ಊರಿನ ಹೆಸರೂ ಬರಲ್ಲ. ನಂಬರ್ ಮಾತ್ರ ಹಾಕ್ತೀನಿ. ಇದು ನಮ್ಮ ಕೆಲಸದ ನಿಯಮ, ಇದನ್ನ ಮುರಿಯೋ ಹಾಗೇ ಇಲ್ಲ."

ನೀವು ಅಂದಳು. ಬಿಳಿಯ ಹೆಂಗಸೊಬ್ಬಳ ಬಾಯಲ್ಲಿ ಆ ಮಾತು ತನಗಾಗಿ ಬಂದದ್ದು ಅಲ್ಬೀನಾಳಿಗೆ ಅದೇ ಮೊದಲು. ಕಾಗದಕ್ಕೆ ಸಹಿ ಹಾಕಿದಳು. ಧ್ವನಿ ಹಿಡಿಯುವ ಪುಟ್ಟ ಯಂತ್ರ ಮೇಜಿನ ಮೇಲೆ ಕೂತಿತು. ಅಂಗಿಗಳ ಕಥೆ, ಲೋಟದ ಕಥೆ, ಕೆಳಗಿನ ಶಾಲೆಯಲ್ಲಿ ಎರಡು ಚಳಿಗಾಲದಿಂದ ಕೆಟ್ಟು ಕೂತ ಹೀಟರಿನ ಕಥೆ, ಒಂದೊಂದೇ ಹೊರಗೆ ಬಂತು.

"ನನ್ ಮಗ್ಳು ಒಬ್ಳುನ್ನ ಮ್ಯಾಲೆ ಕೂರ್ಸವ್ರೆ ಮೇಡಂ," ಎಂದಳು ಕೊನೆಗೆ. "ಮಿಕ್ಕ ಅರುವತ್ ಮಕ್ಳನ್ನ ಕೆಳೀಕೇ ಮಡಗಕ್ಕೆ. ಯಾರಾರ ಕೇಳುದ್ರೆ ಇವ್ಳುನ್ನ ತೋರುಸ್ತರೆ. ನಂಗೆಲ್ಲಾ ಗೊತ್ತು. ಗೊತ್ತಿದ್ದೂ ಕಳ್ಸ್ತೀನಿ. ಏನ್ ಮಾಡನ, ಎತ್ತೋಳಲ್ವಾ."

ಆಗ ಸಿಡ್ಕಾ ಒಳಗೆ ಬಂದಳು. ಯೂಡಿತಾ ಅವಳ ಪುಸ್ತಕ ಕೇಳಿದಳು. ಸಿಡ್ಕಾ ಹೆಮ್ಮೆಯಿಂದ ಬಿಚ್ಚಿಟ್ಟಳು. ಮೇಲಿನ ಶಾಲೆಯಲ್ಲಿ ಶಾಯಿ ಪೆನ್ನಿನಿಂದ ಕೂಡಿಸಿ ಬರೆಯಲು ಕಲಿಸುತ್ತಾರೆ. ಪದದ ಮೊದಲಿನಿಂದ ಕೊನೆಯವರೆಗೆ ಕೈ ಎತ್ತುವ ಹಾಗಿಲ್ಲ, ಅಕ್ಷರಗಳು ಒಂದರ ಕೈ ಒಂದು ಹಿಡಿದು ನಡೆಯಬೇಕು. ಕೆಳಗಿನ ಶಾಲೆಯಲ್ಲಿ ಅದಿಲ್ಲ. ಅಲ್ಲಿ ಪೆನ್ಸಿಲು, ಅಚ್ಚಿನ ಹಾಗೆ ಬಿಡಿಬಿಡಿ ಅಕ್ಷರ, ಇವರಿಗೆ ಇಷ್ಟು ಸಾಕು ಅಂತ. ಅಲ್ಬೀನಾ ಕಲಿತದ್ದೂ ಬಿಡಿ ಅಕ್ಷರವೇ. ಕೂಡಿಸಿ ಬರೆಯುವುದನ್ನು ಅವಳಿಗೆ ಮಗಳೇ ಈ ಮೇಜಿನ ಮೇಲೆ ಕಲಿಸುತ್ತಿದ್ದಳು. "ಕೈ ಎತ್ತಬ್ಯಾಡ ಅವ್ವ, ಎತ್ತಿದ್ರೆ ಒಂದ್ರ ಕೈ ಒಂದು ಬುಟ್ಟಂಗೆ," ಎಂದು ಗದರುತ್ತಿದ್ದಳು.

"ಎಷ್ಟು ಚೆನ್ನಾಗಿ ಬರೀತೀಯ!" ಎಂದಳು ಯೂಡಿತಾ. ಅವಳ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ. ಅಲ್ಬೀನಾ ಆಮೇಲೆ ಎಷ್ಟೋ ಸಲ ಅದನ್ನು ನೆನೆದಿದ್ದಾಳೆ, ಅದು ಸುಳ್ಳಾಗಿದ್ದರೆ ಎಷ್ಟೋ ಸುಲಭವಿತ್ತು ಅಂತ.

ಹೊರಡುವ ಮುಂಚೆ ಯೂಡಿತಾ ತನ್ನ ವಿಷಯವನ್ನೂ ಹೇಳಿಕೊಂಡಳು. ಪುಸ್ತಕ ಬಂದ ಮೇಲೆ ಪ್ರೊಫೆಸರ್ ಪದವಿಗೆ ಅರ್ಜಿ ಹಾಕುವವಳಿದ್ದಳು. "ಪದವಿ ಸಿಗೋಕೆ ಮುಂಚೆ ಒಂದು ಉಪನ್ಯಾಸ ಕೊಡಬೇಕು. ಬಾಗಿಲು ಮುಚ್ಚೋ ಹಾಗಿಲ್ಲ, ಕಾನೂನು. ಬೀದಿ ಗುಡಿಸೋರು ಬಂದು ಪ್ರಶ್ನೆ ಕೇಳಿದ್ರೂ ನಾವು ಉತ್ತರ ಕೊಡಬೇಕು. ನೀವೂ ಬರಬಹುದು ಅಲ್ಬೀನಾ ಅವರೇ."

"ನಮ್ಮುನ್ನ ಊರ್ನ ಅಂಗ್ಡಿ ಒಳೀಕೇ ಬುಡಕಿಲ್ಲ, ಇನ್ನ ಅಲ್ಲೀಗ್ ಬುಟ್ಟಾರಾ!" ಎಂದು ಇಲೋನಾ ಒಲೆಯ ಮುಂದಿನಿಂದ ನಕ್ಕಳು. ಎಲ್ಲರೂ ನಕ್ಕರು.

ಪುಸ್ತಕ ಬರುವ ಹೊತ್ತಿಗೆ ಒಂದು ವರ್ಷವಾಗಿತ್ತು. ಅದಕ್ಕೂ ಮುಂಚೆ ಅದರ ಒಂದು ತುಣುಕು ಪತ್ರಿಕೆಯಲ್ಲಿ ಬಂತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹರ್ಚಾರೊವಾ ಶಿಕ್ಷಕರ ಕೋಣೆಗೆ ಎಲ್ಲರನ್ನೂ ಕರೆಸಿದಳು. ಅಲ್ಬೀನಾಳನ್ನೂ ಕರೆಸಿದಳು. ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಕುರ್ಚಿ ಕೊಟ್ಟದ್ದು ಅದೇ ಮೊದಲು. ಎಲ್ಲರಿಗೂ ಕಾಣುವ ಹಾಗೆ ನಡುವೆ ಇಟ್ಟಿದ್ದರು.

"ಒಂದು ಒಳ್ಳೆ ಲೇಖನ ಬಂದಿದೆ, ಓದ್ತೀನಿ ಕೇಳಿ," ಎಂದು ಹರ್ಚಾರೊವಾ ಕನ್ನಡಕ ಹಾಕಿಕೊಂಡಳು. "ಪೂರ್ವ ಭಾಗದ ಒಂದು ಗ್ರಾಮ. ಮಾಹಿತಿದಾರೆ, ನಂಬರ್ ಏಳು. ರೋಮಾ ಮಹಿಳೆ, ಮೂವತ್ತಾರು ವರ್ಷ, ಶಾಲೆಯ ಸಹಾಯಕಿ. ಈಕೆಯ ಮಗಳು ಮುಖ್ಯ ಕಟ್ಟಡದಲ್ಲಿ ಓದುತ್ತಿರುವ ಏಕೈಕ ರೋಮಾ ವಿದ್ಯಾರ್ಥಿನಿ." ಕನ್ನಡಕದ ಮೇಲಿನಿಂದ ನೋಡಿದಳು. "ಯಾರಪ್ಪಾ ಇದು? ನನಗಂತೂ ಹೊಳೀತಿಲ್ಲ. ನಿಮಗೆ ಯಾರಿಗಾದ್ರೂ ಹೊಳೀತಾ?"

ಯಾರೋ ಕಿಸಕ್ಕೆಂದರು. ಅಲ್ಬೀನಾಳ ಕಿವಿ ಬಿಸಿಯಾಯಿತು. ಹೆಸರಿರಲಿಲ್ಲ, ಊರಿರಲಿಲ್ಲ, ಯೂಡಿತಾ ಮಾತು ತಪ್ಪಿರಲಿಲ್ಲ. ದೊಡ್ಡ ನಗರದಲ್ಲಿ ನಂಬರಿನ ಹಿಂದೆ ಮನುಷ್ಯ ಅಡಗಬಹುದೇನೋ. ಇಡೀ ತಾಲೂಕಿನಲ್ಲಿ ಅಂಥ ಕೆಲಸದಲ್ಲಿದ್ದ ರೋಮಾ ಹೆಂಗಸು ಒಬ್ಬಳೇ.

ಹರ್ಚಾರೊವಾ ಅಂಗಿಯ ಕಥೆ ಓದಿದಳು. ಲೋಟದ ಕಥೆ ಓದಿದಳು. ಪ್ರತಿ ಸಾಲಿಗೂ ನಿಂತು, ನೀರು ಕುಡಿದು, ಮುಂದಕ್ಕೆ ಓದಿದಳು. ಓದಿ ಮುಗಿಸಿ ಪತ್ರಿಕೆಯನ್ನು ನಾಲ್ಕಾಗಿ ಮಡಿಸಿದಳು.

"ನಿನ್ನಂಥ ಜಿಪ್ಸಿ ಮುಂಡೆಗೆ ಕೆಲಸ ಕೊಟ್ಟು ಕೂರಿಸಿದ್ನಲ್ಲ, ನನ್ನ ಚಪ್ಪಲಿ ತಗೊಂಡು ನಾನೇ ಹೊಡ್ಕೋಬೇಕು. ಹೋಗ್ಲಿ ಬಿಡು. ನೀನು ಹೇಳಿರೋದ್ರಲ್ಲಿ ಒಂದು ಮಾತು ಸರಿಯಾಗಿದೆ. ಒಬ್ಬಳನ್ನೇ ಮೇಲೆ ಕೂರಿಸಿರೋದು ಅನ್ಯಾಯ. ಸಮಾನತೆ ಇಲ್ಲ ಅದರಲ್ಲಿ. ಅಲ್ವಾ? ಆ ಅನ್ಯಾಯನ ಇವತ್ತೇ ಸರಿ ಮಾಡ್ತೀನಿ."

ಅರ್ಥವಾಗಲು ಅಲ್ಬೀನಾಳಿಗೆ ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಕುರ್ಚಿಯಿಂದ ಜಾರಿ ಹರ್ಚಾರೊವಾಳ ಕಾಲ ಹತ್ತಿರ ಕೂತಳು. "ನನ್ನೇ ತಗದ್ಬುಡಿ ಮೇಡಂ. ಕೆಲ್ಸುದಿಂದ ತಗೀರಿ, ಕಕ್ಕಸ್ ತೊಳೀ ಅನ್ನಿ ತೊಳೀತೀನಿ. ಮಗೀನ ತಂಟೆಗ್ ಬರ್ಬ್ಯಾಡಿ. ಅದೇನ್ ಮಾಡದೆ ನಿಮ್ಗೆ?"

"ಏಳು ಮೇಲೆ. ಇದನ್ನೂ ಹೋಗಿ ಆ ಯಂತ್ರಕ್ಕೆ ಹೇಳ್ತೀಯ ಆಮೇಲೆ."

ಅಲ್ಬೀನಾ ಓಣಿಗೆ ಬಂದಾಗ ಮಗಳದಾಗಿದ್ದ ಛತ್ರಿ ಚಿತ್ರದ ಗೂಟ ಬರಿದಾಗಿತ್ತು. ಸಿಡ್ಕಾ ಕೋಟು ಹಾಕಿಕೊಂಡು, ಬ್ಯಾಗು ಹೊತ್ತು, ಮೆತ್ತನೆ ಚಪ್ಪಲಿಗಳನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಶಾಲೆಯ ಆಳು ಆಗಲೇ ಚಾಕುವಿನಿಂದ ಆ ಚಿತ್ರವನ್ನು ಕೆರೆಯುತ್ತಿದ್ದ.

"ಅವ್ವ, ನಾನೇನ್ ತೆಪ್ ಮಾಡ್ದೆ?" ಎಂದು ಕೇಳಿದಳು.

ಆ ಭಾನುವಾರ ಅಲ್ಬೀನಾ ಪಾದ್ರಿಯ ಮನೆಗೆ ಹೋದಳು. ಅವರ ಮಾತನ್ನು ಹರ್ಚಾರೊವಾ ತೆಗೆದುಹಾಕುವುದಿಲ್ಲ ಎಂದು ನಂಬಿದ್ದಳು. ಪಾದ್ರಿ ಬಾಗಿಲನ್ನು ಅರ್ಧ ತೆರೆದು ಅರ್ಧಕ್ಕೆ ತಾವೇ ಅಡ್ಡ ನಿಂತರು. ಒಳಗಿನಿಂದ ಸಾರಿನ ವಾಸನೆ ಬರುತ್ತಿತ್ತು.

"ಉಂಡ ಮನೆಗೇ ದ್ರೋಹ ಮಾಡಿದೆಯಲ್ಲಮ್ಮ. ಆಕೆ ನಿನ್ನ ಮಗಳಿಗೆ ದಾರಿ ಮಾಡಿಕೊಟ್ಟಿದ್ರು. ಹೋಗು, ಮೊದ್ಲು ಕ್ಷಮಾಪಣೆ ಬರೆದುಕೊಡು. ನಾನು ಹೇಳಿದ್ದೆಲ್ಲಾ ಸುಳ್ಳು ಅಂತ ಬರಿ."

"ಸುಳ್ಳಲ್ಲ ಪಾದ್ರಿಗಳೇ. ಆ ಅಂಗಿ ನೀವೂ ನೋಡಿದ್ದೀರಿ. ಫೋಟೋದಾಗೆ ನೀವೂ ನಿಂತಿದ್ರಿ."

ಬಾಗಿಲು ಮುಚ್ಚಿತು.

ಮನೆಯಲ್ಲಿ ಇಲೋನಾ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ರೊಟ್ಟಿ ಹಿಟ್ಟು ನಾದುತ್ತಾ ಒಂದೇ ಮಾತು ಅಂದಳು. "ಬಿಳಿಯೋಳು ನಿನ್ ಲೋಟುದಾಗೆ ಒಂದ್ ಗುಟುಕ್ ನೀರ್ ಕುಡುದ್ಲು ಅಂತ ಕರುಳ್ ಕಿತ್ತು ಅವ್ಳ್ ಕೈಗಿಟ್ಯಲ್ಲೇ ಅಲ್ಬೀನಾ." ಹೇಳಿ ತಾನೇ ಅತ್ತಳು. ಅತ್ತೆ ಅಳುವುದನ್ನು ಅಲ್ಬೀನಾ ತನ್ನ ಗಂಡ ಸತ್ತ ದಿನ ಬಿಟ್ಟರೆ ಅವತ್ತೇ ಕಂಡದ್ದು.

ಯೂಡಿತಾಳಿಗೆ ಫೋನು ಮಾಡಿದಳು. ಯೂಡಿತಾ ನಿಜವಾಗಿಯೂ ನೊಂದುಕೊಂಡಳು.

"ಅಯ್ಯೋ ದೇವರೇ. ನನಗೆ ಹೊಳೀಲೇ ಇಲ್ಲ ಅಲ್ಬೀನಾ ಅವರೇ. ಎಲ್ಲಾ ನಿಯಮದ ಪ್ರಕಾರನೇ ಮಾಡಿದ್ದೆ. ವಿಶ್ವವಿದ್ಯಾಲಯದ ಸಮಿತಿಯವರು ಕೂಡ ನೋಡಿ ಒಪ್ಪಿದ್ರು."

"ಅದಿರ್ಲಿ ಮೇಡಂ. ಈಗ ನೀವು ಒಂದ್ ಕಾಗ್ದ ಬರೀರಿ. ಇಂಗಿಂಗಾಯ್ತು, ನನ್ನಿಂದ ಆಯ್ತು, ಮಗೀನ ವಾಪಸ್ ಕರ್ಕಳಿ ಅಂತ."

"ಬರೀತೀನಿ. ಖಂಡಿತ ಬರೀತೀನಿ. ಆದ್ರೆ ಫೆಬ್ರುವರಿ ತನಕ ತಡ್ಕೊಳ್ಳಿ, ಆಗ ನನ್ನ ಉಪನ್ಯಾಸ ಮುಗಿದಿರುತ್ತೆ. ಈಗ ಬರೆದ್ರೆ ಗುರುತು ಬಿಟ್ಟುಕೊಟ್ಟ ಹಾಗಾಗುತ್ತೆ. ತನಿಖೆ ಅಂತಾರೆ, ಅರ್ಜಿ ನಿಲ್ಲಿಸ್ತಾರೆ, ಇಪ್ಪತ್ತು ವರ್ಷದ ಕೆಲಸ ಬಿದ್ದುಹೋಗುತ್ತೆ. ಪ್ರೊಫೆಸರ್ ಆದ್ಮೇಲೆ ನನ್ನ ಮಾತಿಗೆ ತೂಕ ಇರುತ್ತೆ. ಇದನ್ನೆಲ್ಲಾ ನಿಮ್ಮ ಮಕ್ಕಳಿಗೋಸ್ಕರಾನೇ ಮಾಡ್ತಿರೋದು, ಅಲ್ವಾ?"

ಅಲ್ಬೀನಾ ಸರಿ ಅಂದಳು. ಆಮೇಲೆ ಮಾಡಿದ ಫೋನುಗಳನ್ನು ಯಾರೂ ಎತ್ತಲಿಲ್ಲ.

ಕ್ರಿಸ್ಮಸ್ಸಿಗೆ ಅಲ್ಬೀನಾಳ ಕೆಲಸದ ಕರಾರು ಮುಗಿಯಿತು, ಮುಂದುವರಿಸಲಿಲ್ಲ. ಅದು ಅವಳಿಗೆ ಅಷ್ಟು ತಟ್ಟಲಿಲ್ಲ. ತಟ್ಟಿದ್ದು ಸಿಡ್ಕಾಳ ಪುಸ್ತಕ. ಮೊದಮೊದಲು ಅವಳು ಕೆಳಗಿನ ಶಾಲೆಯಲ್ಲೂ ಕೂಡಿಸಿಯೇ ಬರೆದಳು. ಟೀಚರು ಆ ಪುಟವನ್ನು ಕೆಂಪು ಶಾಯಿಯಲ್ಲಿ ಅಡ್ಡ ಗೀಟಿದರು. "ಇಲ್ಲಿ ಎಲ್ಲರೂ ಒಂದೇ. ನೀನೇನು ಆಕಾಶದಿಂದ ಉದುರಿದವಳಾ?" ಅಂದರಂತೆ. ಪೆನ್ನು ಕಿತ್ತಿಟ್ಟುಕೊಂಡು ಪೆನ್ಸಿಲು ಕೊಟ್ಟರು. ಕೋಣೆಯಲ್ಲಿ ಎರಡು ಕೋಟು ಹಾಕಿ ಕೂತರೂ ಬೆರಳು ಮರಗಟ್ಟುತ್ತಿತ್ತು. ನವೆಂಬರಿನಲ್ಲಿ ಸಿಡ್ಕಾ ಅವ್ವನಿಗೆ ಅಕ್ಷರ ಕಲಿಸುವುದನ್ನು ಬಿಟ್ಟಳು. ಕೇಳಿದರೆ "ಯಾಕೆ?" ಎನ್ನುತ್ತಿದ್ದಳು. ಜನವರಿಯಲ್ಲಿ ಯಾಕೆ ಎನ್ನುವುದನ್ನೂ ಬಿಟ್ಟಳು. ಅಲ್ಬೀನಾಳಿಗೆ ಅವಳ ಪುಸ್ತಕ ಬಿಚ್ಚಿ ನೋಡುವ ಧೈರ್ಯವಾಗಲಿಲ್ಲ.

ಫೆಬ್ರುವರಿಯ ಒಂದು ಬೆಳಿಗ್ಗೆ ಅವಳು ಮಗಳಿಗೆ ಹೊಸ ಕಾಲುಚೀಲ ತೊಡಿಸಿ ಬಸ್ಸು ಹತ್ತಿಸಿದಳು. ಯೂಡಿತಾಳ ಉಪನ್ಯಾಸದ ದಿನಾಂಕವನ್ನು ಅವಳ ತಮ್ಮ ಮೊಬೈಲಿನಲ್ಲಿ ಹುಡುಕಿ ಹೇಳಿದ್ದ. ವಿಶ್ವವಿದ್ಯಾಲಯದ ಬಾಗಿಲಲ್ಲಿ ಕಾವಲುಗಾರ ಇಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದ. "ಶೌಚಾಲಯ ಹೊರಗಿನವರಿಗಲ್ಲ," ಅಂದ.

"ಉಪನ್ಯಾಸಕ್ ಬಂದಿವ್ನಿ. ಬಾಕ್ಲು ಮುಚ್ಚಂಗಿಲ್ಲ, ಕಾನೂನು," ಎಂದಳು ಅಲ್ಬೀನಾ. ಅವನು ಯಾರಿಗೋ ಫೋನು ಮಾಡಿ ಕೇಳಿ, ಮುಖ ಗಂಟಿಕ್ಕಿ ದಾರಿ ಬಿಟ್ಟ.

ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ದೊಡ್ಡ ಕೋಣೆ. ಕೆಳಗೆ ಮುಂದಿನ ಸಾಲಿನಲ್ಲಿ ತಲೆ ನೆರೆತವರು ಕೂತಿದ್ದರು. ಬಿಳಿ ಪರದೆ, ಅದರ ಪಕ್ಕದಲ್ಲಿ ಹಸಿರು ಹಲಗೆ. ಯೂಡಿತಾ ನೀಲಿ ಉಡುಪಿನಲ್ಲಿ ನಿಂತು ಮಾತಾಡುತ್ತಿದ್ದಳು. ತುಂಬ ಚೆನ್ನಾಗಿ ಮಾತಾಡುತ್ತಿದ್ದಳು. ಕೊನೆಯ ಸಾಲಿನಲ್ಲಿ ಕೂತ ಇಬ್ಬರು ಕಣ್ಣಿಗೆ ಬಿದ್ದಾಗ ಅವಳ ಮಾತು ಅರ್ಧಕ್ಕೆ ನಿಂತಿತು. ನೀರು ಕುಡಿದಳು. ಮತ್ತೆ ಮುಂದುವರಿಸಿದಳು.

ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಮಾತು ಬಂತು. "ಒಬ್ಬ ವಿದ್ಯಾರ್ಥಿನಿಯ ಸೇರ್ಪಡೆಯು ಉಳಿದವರ ಹೊರಗಿಡುವಿಕೆಯನ್ನು ಸಮರ್ಥಿಸುವ ಸಾಧನವಾಗಿದೆ. ಮಾಹಿತಿದಾರೆ, ೭." ಅಲ್ಬೀನಾ ಅದನ್ನು ಎರಡು ಸಲ ಓದಿದಳು. ಆಮೇಲೆ ಗೊತ್ತಾಯಿತು, ಅದು ತಾನು ಹೇಳಿದ್ದು. ಎತ್ತೋಳಲ್ವಾ ಅಂದದ್ದು ಅಲ್ಲಿರಲಿಲ್ಲ.

ಚಪ್ಪಾಳೆಯಾಯಿತು. ಅಧ್ಯಕ್ಷರು ಎದ್ದರು. "ಸಾರ್ವಜನಿಕರಲ್ಲಿ ಯಾರದಾದರೂ ಪ್ರಶ್ನೆ ಇದೆಯೇ? ಇಲ್ಲ," ಎನ್ನುತ್ತಾ ಕಡತ ಮುಚ್ಚುತ್ತಿದ್ದರು.

"ಐತೆ ಸ್ವಾಮಿ."

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಅಲ್ಬೀನಾ ನಿಂತಿದ್ದಳು. ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಅಲ್ಲಿ ಬರ್ದದ್ಯಲ್ಲ ಏಳ್ನೇ ನಂಬರು, ಅದು ನಾನೇ. ನನ್ ಮಗ್ಳು ಇವ್ಳು. ಆ ಮಾತ್ ಆಡಿದ್ಕೆ ಇವ್ಳುನ್ನ ಇಸ್ಕೂಲಿಂದ ಇಳ್ಸುದ್ರು. ಈ ಮೇಡಂಗೆ ಗೊತ್ತು. ಸೆಪ್ಟೆಂಬರ್‌ನಾಗೇ ಯೋಳಿದ್ದೆ. ಫೆಬ್ರುವರಿ ತನ್ಕ ತಡ್ಕೊ ಅಂದ್ರು, ತಡ್ಕಂಡೆ. ಫೆಬ್ರುವರಿ ಬಂತಲ್ಲ ಮೇಡಂ. ನನ್ ಪ್ರಶ್ನೆ ಇಷ್ಟೆ. ನಾಳೀಕೆ ನನ್ ಮಗ್ಳು ಯಾವ್ ಇಸ್ಕೂಲ್ಗೋಗ್ಬೇಕು?"

ಅಧ್ಯಕ್ಷರು ಯೂಡಿತಾಳ ಕಡೆ ತಿರುಗಿದರು. "ಡಾಕ್ಟರ್, ಈಕೆ ನಿಮಗೆ ಪರಿಚಯವೇ?"

ಯೂಡಿತಾಳ ಕಣ್ಣು ತುಂಬಿ ಬಂದಿತ್ತು. ಅಲ್ಬೀನಾ ಅದನ್ನು ಕಂಡಳು. ಅವತ್ತು ತನ್ನ ಮನೆಯಲ್ಲಿ ಕಂಡ ಅದೇ ನೀರು. ಈಗ ಹೇಳುತ್ತಾಳೆ ಅನ್ನಿಸಿತು. ಹೌದು ಅನ್ನುವ ಒಂದು ಮಾತು ಸಾಕಿತ್ತು.

"ನನ್ನ ಅಧ್ಯಯನದಲ್ಲಿ ಭಾಗವಹಿಸಿದವರ ಗುರುತನ್ನು," ಎಂದಳು ಯೂಡಿತಾ, "ಹೌದು ಅಂತಾಗಲಿ ಅಲ್ಲ ಅಂತಾಗಲಿ ನಾನು ಹೇಳುವ ಹಾಗಿಲ್ಲ. ಅವರ ರಕ್ಷಣೆಗೋಸ್ಕರ ಇರುವ ನಿಯಮ ಅದು."

ಮುಂದಿನ ಸಾಲಿನಲ್ಲಿ ಒಂದಿಬ್ಬರು ಮೆಚ್ಚಿ ತಲೆದೂಗಿದರು.

ಅಧ್ಯಕ್ಷರು ಕಡತ ಮುಚ್ಚಿದರು. ಪಕ್ಕದಲ್ಲಿ ನಡಾವಳಿ ಬರೆಯುತ್ತಿದ್ದ ಯುವಕ ಮೆಲ್ಲಗೆ ಕೇಳಿದ, "ಪ್ರಶ್ನೆ ಕೇಳಿದ್ದು, ಸಾರ್ವಜನಿಕರಲ್ಲಿ ಒಬ್ಬರು ಅಂತ ಹಾಕಲಾ ಸಾರ್?"

"ಹಾಕು, ಸಾಕು."

"ಸಾಲ್ದು," ಎಂದಳು ಅಲ್ಬೀನಾ. "ಹೆಸ್ರು ಬರ್ಕಳಿ. ನಂಗೆ ಹೆಸ್ರೈತೆ. ನಂಬರ್ ಬ್ಯಾಡ, ರಕ್ಷಣೆ ಬ್ಯಾಡ. ನನ್ ಹೆಸ್ರು ಬರ್ಕಳಿ."

ಯುವಕನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು. ಅವನು ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಗಡಿಯಾರ ನೋಡಿದರು. "ಕೂತ್ಕೊಳ್ಳಿ ತಾಯಿ, ಆಯ್ತು, ಕೂತ್ಕೊಳ್ಳಿ. ಇನ್ನು ಮತದಾನಕ್ಕೆ ಹೋಗೋಣ."

ಸಿಡ್ಕಾ ಎದ್ದದ್ದು ಆಗ. ಅವ್ವ ಕೈ ಹಿಡಿಯುವುದರೊಳಗೆ ಅವಳು ಮೆಟ್ಟಿಲಿಳಿಯುತ್ತಿದ್ದಳು. ಒಂದೊಂದೇ ಮೆಟ್ಟಿಲು ಇಳಿದು, ತಲೆ ನೆರೆತವರ ಸಾಲಿನ ಮುಂದೆ ಹಾದು, ಯೂಡಿತಾಳ ಪಕ್ಕದಲ್ಲೇ ಹಾದು, ಹಸಿರು ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣ ತೆಗೆದುಕೊಂಡಳು. ಯಾರೂ ತಡೆಯಲಿಲ್ಲ. ಮಗುವನ್ನು ಹೇಗೆ ತಡೆಯುವುದು ಎಂದು ಅಲ್ಲಿದ್ದ ಯಾರಿಗೂ ತಿಳಿದಂತೆ ಕಾಣಲಿಲ್ಲ. ಅವಳು ತುದಿಗಾಲಲ್ಲಿ ನಿಂತು, ಕೈಗೆ ಎಟಕುವಷ್ಟು ಎತ್ತರದಲ್ಲಿ, ಬರೆಯತೊಡಗಿದಳು.

ಅಲ್ಬೀನಾ ಮಿರ್ಗೊವಾ.

ಅಲ್ಬೀನಾಳ ಎದೆ ಒಮ್ಮೆ ಉಬ್ಬಿ ಬಂತು. ಮರುಕ್ಷಣ ಅವಳಿಗೆ ಕಂಡಿತು. ಅವಳ ಮಗಳು ಪ್ರತಿ ಅಕ್ಷರಕ್ಕೂ ಕೈ ಎತ್ತುತ್ತಿದ್ದಳು. ಬರೆದು, ಎತ್ತಿ, ಮತ್ತೆ ಬರೆದು, ಮತ್ತೆ ಎತ್ತಿ. ಹಲಗೆಯ ಮೇಲೆ ಅಕ್ಷರಗಳು ದೂರದೂರ ನಿಂತಿದ್ದವು, ಒಂದೂ ಇನ್ನೊಂದನ್ನು ಮುಟ್ಟಿರಲಿಲ್ಲ. ಅಲ್ಬೀನಾ ತಾನು ಸಹಿ ಹಾಕುತ್ತಿದ್ದುದೂ ಹೀಗೆಯೇ.

ಸಿಡ್ಕಾ ಸುಣ್ಣದ ಕೈಯನ್ನು ಕೋಟಿಗೆ ಒರೆಸಿಕೊಂಡು ತಿರುಗಿದಳು. ಅಷ್ಟು ಜನರನ್ನೆಲ್ಲ ಬಿಟ್ಟು ಮೇಲೆ, ಕೊನೆಯ ಸಾಲಿನ ಕಡೆ ನೋಡಿದಳು.

"ಸರ್ಯಾಗೈತಾ ಅವ್ವ?"

ಅಲ್ಬೀನಾ ಬೆಂಚು ಬಿಟ್ಟು ನೆಟ್ಟಗೆ ನಿಂತಳು.

"ಸರ್ಯಾಗೈತೆ ಕನವ್ವ," ಅಂದಳು.